ಹಾಸನದಲ್ಲಿ ಕಂಪ್ಯೂಟರ್ ಫ್ಯಾನ್ ಹಾಕಿಸುವವರೇ, ಸ್ಟಿಕರ್ ಕೆರೆದು ನೋಡಿ

ಮೊದಲೇ ಹೇಳಿಬಿಡುತ್ತೇನೆ. ಡಬ್ಬ ತೋರಿಸದೆ, ಬಿಲ್ ಕೊಡದೆ ಫ್ಯಾನ್ ಹಾಕಿಕೊಡುತ್ತೇವೆ ಅನ್ನುವ ಅಂಗಡಿಗೆ ಕಾಲಿಡಬೇಡಿ. ನನಗೆ 1,350 ರೂಪಾಯಿ ಪಂಗನಾಮ ಬಿದ್ದಿದೆ. ಅಷ್ಟೇನಾ ಅನ್ನಬೇಡಿ. ಕಡಿಮೆ ಖರ್ಚಿನಲ್ಲಿ ಮುಗಿಯಲಿ ಅಂತಲೇ ನಾನು ಹೋಗಿದ್ದು. ಹೊಸ ಕಂಪ್ಯೂಟರ್ ಕೊಳ್ಳುವ ಶಕ್ತಿ ಇದ್ದಿದ್ದರೆ ಒಂದು ಫ್ಯಾನ್‌ಗಾಗಿ ಯಾರು ಓಡಾಡುತ್ತಿದ್ದರು?

ಅಂಗಡಿ ಹೆಸರು ಈಗ ಬರೆಯುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ಒಂದು ಕಡೆ ಆಗಲಿ. ಹಾಸನದ ಊರೊಳಗೇ ಇರುವ ಅಂಗಡಿ, ಬೋರ್ಡ್ ದೊಡ್ಡದಿದೆ, ಜನವೂ ಚೆನ್ನಾಗಿ ಹೋಗುತ್ತಾರೆ. ಅದನ್ನು ನೋಡಿಯೇ ನಾನೂ ಹೋಗಿದ್ದು.

ನಮ್ಮ ಮನೆಯ ಡೆಸ್ಕ್‌ಟಾಪ್ ಹಳೆಯದು. ಹೆಂಡತಿ ಅದರಲ್ಲೇ ಲಗ್ನಪತ್ರಿಕೆ, ಅರ್ಜಿ ಟೈಪಿಂಗ್ ಕೆಲಸ ಮಾಡುತ್ತಾಳೆ. ಚಳಿ ಶುರುವಾದ ಮೇಲೆ ಬೆಳಿಗ್ಗೆ ಆನ್ ಮಾಡಿದರೆ ಹಿಟ್ಟಿನ ಗಿರಣಿ ಶುರುವಾದ ಹಾಗೆ ಸದ್ದು. ಸ್ವಲ್ಪ ಹೊತ್ತು ಓಡಿ ಬಿಸಿಯಾದ ಮೇಲೆ ಸದ್ದು ತಗ್ಗುತ್ತಿತ್ತು. ಕಡಿಮೆ ಬೆಲೆಯ ಫ್ಯಾನ್‌ಗಳಲ್ಲಿ ಸಾಮಾನ್ಯವಾಗಿ ಸ್ಲೀವ್ ಬೇರಿಂಗ್ ಇರುತ್ತದೆ, ಅಂದರೆ ಫ್ಯಾನ್ ನಡುವಿನ ಕಡ್ಡಿ ತಿರುಗುವ ಸಣ್ಣ ಕೊಳವೆ. ಅದರೊಳಗಿನ ಎಣ್ಣೆ ವರ್ಷ ಕಳೆದಂತೆ ಒಣಗುತ್ತದೆ, ಆಗ ಹೀಗೇ ಆಗುವುದು. ಸೈಡಿನ ತಗಡು ತೆಗೆದು, ಕ್ಯಾಬಿನೆಟ್ಟಿನ ಹಿಂದಿನ ಫ್ಯಾನ್‌ನ ವೈರನ್ನು ಒಂದು ನಿಮಿಷ ಬಿಡಿಸಿ ನೋಡಿದೆ. ಸದ್ದು ನಿಂತಿತು. ಅಂದರೆ ತೊಂದರೆ ಆ 120 ಮಿಲಿಮೀಟರ್ ಫ್ಯಾನ್‌ದೇ. ಪ್ರೊಸೆಸರ್ ಮೇಲಿನ ಫ್ಯಾನ್ ಅಲ್ಲ, ಹಾರ್ಡ್ ಡಿಸ್ಕ್ ಅಲ್ಲ. ಇಷ್ಟನ್ನೂ ಅಂಗಡಿಯವನಿಗೆ ಬಾಯಿ ಬಿಟ್ಟು ಹೇಳಿದೆ.

ಅವನು ಕೇಳಿಸಿಕೊಳ್ಳಲೇ ಇಲ್ಲ. "ಎಸ್‌ಎಂಪಿಎಸ್ ಹೋಗಿರ್ಬೇಕು ಸರ್, ಬೋರ್ಡ್‌ಗೂ ಏಟು ಬಿದ್ದಿದ್ರೆ ಆರು ಸಾವಿರ ಆಗುತ್ತೆ" ಅಂತ ಮೊದಲು ಎದೆ ನಡುಗಿಸಿದ. ಎಸ್‌ಎಂಪಿಎಸ್ ಅಂದರೆ ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಪೆಟ್ಟಿಗೆ, ಬೋರ್ಡ್ ಅಂದರೆ ಒಳಗಿನ ಮದರ್‌ಬೋರ್ಡ್. ಆಮೇಲೆ ದೊಡ್ಡ ಮನಸ್ಸು ಮಾಡಿದವನ ಹಾಗೆ, "ಸರಿ, ಸದ್ಯಕ್ಕೆ ಫ್ಯಾನ್ ಹಾಕಿ ನೋಡೋಣ, 850 ಆಗುತ್ತೆ" ಅಂದ. ಆರು ಸಾವಿರ ಕೇಳಿದ ಕಿವಿಗೆ 850 ಅನ್ನುವುದು ಎಷ್ಟು ಹಿತವಾಗಿ ಕೇಳುತ್ತದೆ ನೋಡಿ. ಇದೇ ಅವರ ಮೊದಲ ಆಟ.

ಡಬ್ಬ ಎಲ್ಲಿ ಅಂದೆ. "ಬಲ್ಕ್ ಪ್ಯಾಕಿಂಗ್ ಸರ್, ಇಂಪೋರ್ಟೆಡ್ ಪೀಸ್, ಡಬ್ಬ ಬರಲ್ಲ." ಬಿಲ್ ಕೇಳಿದೆ. "ಬಿಲ್ ಹಾಕಿದ್ರೆ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ಜಾಸ್ತಿ ಆಗುತ್ತೆ, ಯಾಕೆ ಸುಮ್ನೆ? ನಾನಿಲ್ಲೇ ಇರ್ತೀನಲ್ಲ." ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಹಾಸನಾಂಬೆ ಬಾಗಿಲು ತೆಗೆದಿದ್ದ ಸಮಯ ಅದು. ಊರಿಗೆ ಊರೇ ಕ್ಯೂನಲ್ಲಿತ್ತು, ಬಿ.ಎಂ. ರಸ್ತೆಯಲ್ಲಿ ಗಾಡಿ ಅಲ್ಲಾಡುತ್ತಿರಲಿಲ್ಲ. "ಹುಡುಗ್ರು ಬಂದಿಲ್ಲ, ಇಟ್ಟು ಹೋಗಿ, ಸಂಜೆ ಬನ್ನಿ" ಅಂದ. ನಾಲ್ಕು ಸ್ಕ್ರೂ ಬಿಚ್ಚಿ ನಾಲ್ಕು ಸ್ಕ್ರೂ ಹಾಕುವ ಕೆಲಸಕ್ಕೆ ಸಂಜೆವರೆಗೆ! ಸಂಜೆ ಹೋದಾಗ ಚೀಟಿಯಲ್ಲಿ ಲೆಕ್ಕ ಬರೆದು ತೋರಿಸಿದ. ಫ್ಯಾನ್ 850, ಥರ್ಮಲ್ ಪೇಸ್ಟ್ 200, ಸರ್ವಿಸ್ 300. ಯುಪಿಐನಲ್ಲಿ ಕೊಟ್ಟೆ. ಆ ಚೀಟಿಯನ್ನೂ ಕೊಡದೆ ಮಡಚಿ ಡ್ರಾಯರ್‌ಗೆ ಹಾಕಿಕೊಂಡ.

ಮನೆಗೆ ತಂದು ಆನ್ ಮಾಡಿದರೆ ಗರಗರ ಇಲ್ಲ, ಆದರೆ ಭರ್ರ್ ಅಂತ ಗಾಳಿಯ ಸದ್ದು ನಿಲ್ಲುತ್ತಲೇ ಇಲ್ಲ. ಸುಮ್ಮನೆ ಬಿಟ್ಟಿದ್ದರೂ ಅಷ್ಟೇ, ಕೆಲಸ ಮಾಡಿದರೂ ಅಷ್ಟೇ. ಫೋನ್ ಮಾಡಿದೆ. "ಹೊಸದಲ್ವಾ ಸರ್, ಸೆಟ್ ಆಗ್ಬೇಕು." ಫ್ಯಾನ್ ಏನು ಸೆಟ್ ಆಗುತ್ತೆ? ಮತ್ತೆ ಮಾಡಿದೆ. "ಗಾಳಿ ಜಾಸ್ತಿ ಬಂದ್ರೆ ಸೌಂಡ್ ಬರುತ್ತೆ ಸರ್, ಅದು ಪವರ್ಫುಲ್ ಫ್ಯಾನ್." ವಾರ ಕಳೆಯುವಷ್ಟರಲ್ಲಿ ಹಳೇ ಗರಗರವೂ ಬಂತು. ಈಗ ಎರಡು ಸದ್ದು, ಮೊದಲು ಒಂದೇ ಇತ್ತು!

ಹಿಂದಿನ ಜಾಲರಿಯಲ್ಲಿ ಟಾರ್ಚ್ ಬಿಟ್ಟು ನೋಡಿದೆ. ಫ್ಯಾನ್ ನಡುವಿನ ಸ್ಟಿಕರ್‌ನ ಮೂಲೆ ಎದ್ದಿತ್ತು, ಎಣ್ಣೆ ಜಿನುಗಿತ್ತು. ಕರೆಂಟ್ ತೆಗೆದು, ಸ್ಕ್ರೂ ಬಿಚ್ಚಿ, ಹೊರಗೆ ತೆಗೆದೆ. ಉಗುರು ಹಾಕಿದ ತಕ್ಷಣ ಸ್ಟಿಕರ್ ಕೈಗೆ ಬಂತು. ಕೆಳಗೆ ಇನ್ನೊಂದು ಸ್ಟಿಕರ್! ಹಳದಿ ತಿರುಗಿದ್ದು, ಅದರ ಮೇಲೆ ಬಾಲ್‌ಪೆನ್ನಿನಲ್ಲಿ 2017ರ ಒಂದು ತಾರೀಕು. ವಾರಂಟಿ ಲೆಕ್ಕಕ್ಕೆ ಯಾವುದೋ ಅಂಗಡಿಯವರು ಬರೆಯುತ್ತಾರಲ್ಲ, ಆ ತಾರೀಕು. ಅಂದರೆ ಯಾರದೋ ಹಳೇ ಫ್ಯಾನ್ ಒರೆಸಿ, ಬೇರಿಂಗ್‌ಗೆ ಎಣ್ಣೆ ಬಿಟ್ಟು, ಹೊಸ ಸ್ಟಿಕರ್ ಅಂಟಿಸಿ ನನಗೆ 850ಕ್ಕೆ ಮಾರಿದ್ದಾನೆ. ಎಣ್ಣೆ ಇರುವವರೆಗೆ ಗರಗರ ಇರಲಿಲ್ಲ. ಎಣ್ಣೆ ಹೊರಗೆ ಬಂತು, ಅಂಟೂ ಬಿಟ್ಟಿತು, ಗರಗರವೂ ಬಂತು.

ಇಷ್ಟೇ ಅಲ್ಲ. ಅದಕ್ಕೆ ಇದ್ದಿದ್ದು ಎರಡೇ ವೈರ್, ಕೆಂಪು ಮತ್ತು ಕಪ್ಪು. ಕ್ಯಾಬಿನೆಟ್ ಫ್ಯಾನ್‌ಗೆ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ವೈರ್ ಇರುತ್ತದೆ. ಮೂರನೆಯದು ಎಷ್ಟು ವೇಗದಲ್ಲಿ ತಿರುಗುತ್ತಿದೆ ಅಂತ ಬೋರ್ಡ್‌ಗೆ ಹೇಳುತ್ತದೆ, ನಾಲ್ಕನೆಯದು ವೇಗ ಹೆಚ್ಚು ಕಡಿಮೆ ಮಾಡಲಿಕ್ಕೆ. ಎರಡು ವೈರಿನದು ಹಳೇ ಎಸ್‌ಎಂಪಿಎಸ್‌ನ ಹೊಟ್ಟೆಯಲ್ಲಿ ಇರುವಂಥದ್ದು. ಅದಕ್ಕೆ ಕಪ್ಪು ಟೇಪ್ ಸುತ್ತಿ ಮೋಲೆಕ್ಸ್ ಪಿನ್ (ಎಸ್‌ಎಂಪಿಎಸ್ ವೈರಿಗೆ ಸಿಕ್ಕಿಸುವಂಥದ್ದು) ಜೋಡಿಸಿ ನೇರವಾಗಿ 12 ವೋಲ್ಟ್‌ಗೆ ಕೊಟ್ಟಿದ್ದಾನೆ. ಬೋರ್ಡ್ ಮೇಲೆ ನನ್ನ ಹಳೇ ಫ್ಯಾನ್ ಕೂರುತ್ತಿದ್ದ ಪಿನ್ ಖಾಲಿ. ಮತ್ತೆ ಹೇಗೆ ವೇಗ ತಗ್ಗುತ್ತೆ? ಅದಕ್ಕೇ ಆ ಭರ್ರ್! ಪವರ್ಫುಲ್ ಅಂತೆ, ಪವರ್ಫುಲ್.

ಇನ್ನು ಥರ್ಮಲ್ ಪೇಸ್ಟ್. ಅದನ್ನು ಹಾಕುವುದು ಪ್ರೊಸೆಸರ್‌ಗೂ ಅದರ ಬಿಸಿ ಹೀರಲು ಮೇಲೆ ಕೂರುವ ಹೀಟ್‌ಸಿಂಕ್‌ಗೂ ನಡುವೆ. ಹಿಂದಿನ ಫ್ಯಾನ್ ಬದಲಿಸಲು ಪೇಸ್ಟ್ ಬೇಕಾಗುವುದೇ ಇಲ್ಲ. ನನ್ನ ಹೀಟ್‌ಸಿಂಕ್ ಮೇಲೆ ಧೂಳು ಹಾಸಿಗೆ ಹಾಸಿದ್ದು ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ.

ಫ್ಯಾನ್, ಎರಡೂ ಸ್ಟಿಕರ್ ಕವರಿನಲ್ಲಿ ಹಾಕಿಕೊಂಡು ಹೋದೆ. ಅಂಗಡಿ ತುಂಬ ಜನ. ಪೇಸ್ಟ್ ಎಲ್ಲಿ ಹಾಕಿದ್ರಿ ಅಂದೆ. ಕಣ್ಣು ಮಿಟುಕಿಸದೆ "ಫ್ಯಾನ್‌ಗೆ" ಅಂದ. ಫ್ಯಾನ್‌ಗೆ ಪೇಸ್ಟ್! ಫ್ಯಾನ್‌ಗೆ ಎಲ್ಲಿ ಅಂದೆ. "ಅದೆಲ್ಲ ಟೆಕ್ನಿಕಲ್ ಸರ್, ನಿಮಗೆ ಗೊತ್ತಾಗಲ್ಲ." ಪೆನ್‌ಡ್ರೈವ್ ಕೊಳ್ಳಲು ಬಂದಿದ್ದ ಇಬ್ಬರು ಹುಡುಗರು ಕಿಸಕ್ ಅಂದರು. ಅವನಿಗೆ ನಕ್ಕರೋ ನನಗೆ ನಕ್ಕರೋ, ನನ್ನ ಮುಖವಂತೂ ಕೆಂಪಾಯಿತು.

ಸ್ಟಿಕರ್ ತೋರಿಸಿದೆ. "ಇದು ನಾವು ಹಾಕಿದ್ದು ಅನ್ನೋಕೆ ಏನ್ ಗ್ಯಾರಂಟಿ?" ನಿಮ್ಮ ಅಂಗಡಿಯಲ್ಲೇ ಅಲ್ವಾ ಹಾಕಿಸಿದ್ದು ಅಂದೆ. "ಬಿಲ್ ಇದೆಯಾ?" ಬಿಲ್ ಇದೆಯಾ ಅಂತೆ! ಬೇಡ ಸುಮ್ನೆ ಅಂದವನೇ ಇವನು. ಹೋಗಲಿ, ನನ್ನ ಹಳೇ ಫ್ಯಾನ್ ಆದರೂ ಕೊಡಿ ಅಂದೆ. "ಸ್ಕ್ರ್ಯಾಪ್‌ಗೆ ಹೋಯ್ತು." ಸ್ಕ್ರ್ಯಾಪ್‌ಗಲ್ಲ, ಅದೂ ಎಣ್ಣೆ ಕುಡಿದು ಹೊಸ ಸ್ಟಿಕರ್ ಹಾಕಿಕೊಂಡು ನಿಮ್ಮಲ್ಲಿ ಯಾರದೋ ಮನೆಗೆ ಬಂದಿರುತ್ತದೆ, ನೋಡಿಕೊಳ್ಳಿ. ಕೊನೆಗೆ ಅವನ ಬ್ರಹ್ಮಾಸ್ತ್ರ: "ನೀವು ಬಿಚ್ಚಿದ್ದೀರಿ, ಬಿಚ್ಚಿದ ಮೇಲೆ ವಾರಂಟಿ ಇಲ್ಲ. ಮಾರಿದ ಮಾಲು ವಾಪಸ್ ತಗೊಳ್ಳಲ್ಲ, ಬೋರ್ಡ್ ಓದಿ." ಗೋಡೆ ಮೇಲೆ ನಿಜವಾಗಿ ಹಾಗೆ ಬರೆದಿದೆ.

ಆ ಬೋರ್ಡ್‌ಗೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದಿರುವುದೂ ತಪ್ಪು, ದೋಷವಿರುವ ಮಾಲನ್ನು ವಾಪಸ್ ತೆಗೆದುಕೊಳ್ಳದಿರುವುದೂ ತಪ್ಪು. ಬಿಲ್‌ನಲ್ಲಿ ವಾಪಸಿನ ಅವಧಿ ಬರೆದಿಲ್ಲ ಅಂದರೆ 30 ದಿನದೊಳಗೆ ಮಾಲು ವಾಪಸ್ ತೆಗೆದುಕೊಂಡು ದುಡ್ಡು ಕೊಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ನನ್ನ ಹತ್ತಿರ ಯುಪಿಐ ರಸೀದಿ ಇದೆ, ಸ್ಟಿಕರ್ ಫೋಟೋ ಇದೆ, "ಫ್ಯಾನ್ ಹಾಕಿ ಆಗಿದೆ ಬನ್ನಿ" ಅಂತ ಅವನೇ ಕಳಿಸಿದ ವಾಟ್ಸಾಪ್ ಮೆಸೇಜ್ ಇದೆ. ನೀವೂ ನಗದು ಕೊಡಬೇಡಿ.

ಫ್ಯಾನ್ ಕೊಳ್ಳುವಾಗ ಡಬ್ಬ ನಿಮ್ಮೆದುರು ಒಡೆಯಲಿ. ವೈರ್ ಎಣಿಸಿ. ಹಳೇದನ್ನು ಕೇಳಿ ತನ್ನಿ. ಎಸ್‌ಎಂಪಿಎಸ್ ಒಳಗಿನ ಫ್ಯಾನ್ ಸದ್ದು ಮಾಡಿದರೆ ಮಾತ್ರ ಮನೆಯಲ್ಲಿ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಕ್ಯಾಬಿನೆಟ್ ಫ್ಯಾನ್ ಆದರೆ ಒಂದು ಸ್ಕ್ರೂಡ್ರೈವರ್ ಸಾಕು, ಯಾರ ಕೈಕಾಲೂ ಹಿಡಿಯಬೇಕಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಾಮೈದ 420 ರೂಪಾಯಿಗೆ ಮೂರು ಪಿನ್ನಿನದು ತಂದುಕೊಟ್ಟ, ಡಬ್ಬ, ಬಿಲ್ ಎರಡೂ ಸೇರಿ. ನಾನೇ ಹಾಕಿದೆ. ಸ್ಟಿಕರ್ ಇರುವ ಕಡೆಯಿಂದ ಗಾಳಿ ಹೊರಗೆ ಬರುತ್ತದೆ, ಅದು ಹಿಂದಕ್ಕೆ ಮುಖ ಮಾಡಿರಬೇಕು, ಅಷ್ಟೇ ಗಮನ. ಈಗ ಆನ್ ಆಗಿದೆಯೋ ಇಲ್ಲವೋ ಅಂತ ಲೈಟ್ ನೋಡಬೇಕು.

ಅಂಗಡಿಯವನು ಮೊನ್ನೆ ತಾನಾಗಿಯೇ ಫೋನ್ ಮಾಡಿದ್ದ. "ಸರ್, ನಮ್ಮೂರವರೇ ಅಲ್ವಾ, ಐನೂರು ಕೊಡ್ತೀನಿ, ಕಂಪ್ಲೇಂಟ್ ವಾಪಸ್ ತಗೊಳ್ಳಿ." 1,350 ಕೊಡಿ ಅಂದೆ. "ಪೇಸ್ಟ್ ದುಡ್ಡು ಬರಲ್ಲ ಸರ್, ಅದು ಖರ್ಚಾಗಿದೆ" ಅಂದ. ಕಾಲ್ ಕಟ್ ಮಾಡಿದೆ. ದೂರು ಹಾಗೇ ಇದೆ.