ಅಗ್ಫಾ ಐಸೊಲೆಟ್ 2: ಬಳ್ಳಾರಿ ಬಿಸಿಲಲ್ಲಿ ಮೂರು ವರ್ಷ

ಸೋದರಮಾವನ ಟ್ರಂಕಿನಲ್ಲಿ ಸಿಕ್ಕ ಕ್ಯಾಮೆರಾ ಇದು. 1950ರ ದಶಕದ ಜರ್ಮನ್ ಮಾಲು. ಮಡಚಿದರೆ ಜೇಬಿಗೆ ಹೋಗುತ್ತದೆ, ಬಿಚ್ಚಿದರೆ 120 ಅನ್ನುವ ಅಗಲ ರೋಲ್ ಫಿಲ್ಮಿನಲ್ಲಿ 12 ಚೌಕ ಫೋಟೊ. ಲೆನ್ಸಿಗೆ ಪೂರ್ತಿ ಮಾರ್ಕು ಕೊಡುತ್ತೇನೆ. ಲೆನ್ಸಿಗೂ ಫಿಲ್ಮಿಗೂ ನಡುವೆ ಮಡಿಕೆ ಮಡಿಕೆಯಾಗಿ ಹಿಗ್ಗಿ ಕುಗ್ಗುವ ತಿದಿಗೆ ಸೊನ್ನೆ.

ಕೈಗೆ ಬಂದಾಗ ಫೋಕಸ್ ರಿಂಗು ಜಾಮ್ ಆಗಿತ್ತು. ಅಗ್ಫಾದವರು ಆಗ ಹಾಕುತ್ತಿದ್ದ ಹಸಿರು ಗ್ರೀಸು ಹಳೆಯದಾದರೆ ಗಟ್ಟಿ ಅಂಟು. ಲೈಟರ್ ಪೆಟ್ರೋಲು ಹನಿಸಿ, ಹೆಂಡತಿಯ ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ, ನಾಲ್ಕನೇ ದಿನ ಸಡಿಲಾಯಿತು. ಮತ್ತೆ ಜೋಡಿಸುವಾಗ ದೂರದ ಫೋಕಸ್ ಹೊಂದಿಸಬೇಕಲ್ವಾ? ಫಿಲ್ಮ್ ಕೂರುವ ಜಾಗದಲ್ಲಿ ಬಟರ್ ಪೇಪರ್ ಬಿಗಿಯಾಗಿ ಅಂಟಿಸಿದೆ. ಶಟರನ್ನು 'ಬಿ'ಯಲ್ಲಿ (ಒತ್ತಿ ಹಿಡಿದಷ್ಟು ಹೊತ್ತೂ ತೆರೆದೇ ಇರುವ ಸೆಟ್ಟಿಂಗು) ತೆರೆದಿಟ್ಟು ಮಾಳಿಗೆ ಮೇಲಿಂದ ಕೋಟೆ ಗುಡ್ಡದ ಕಡೆ ತಿರುಗಿಸಿದೆ. ತಲೆಕೆಳಗಾದ ಗೋಡೆ ಪೇಪರಿನ ಮೇಲೆ ಚೂಪಾಗಿ ಕಂಡಾಗ ರಿಂಗಿನ ಸಣ್ಣ ಸ್ಕ್ರೂಗಳನ್ನು ಬಿಗಿ ಮಾಡಿದೆ.

ಶಟರ್ ಮಾತ್ರ ದೊಡ್ಡ ಊರಿನ ರಿಪೇರಿಯವರೊಬ್ಬರಿಗೆ ಕೊಟ್ಟು ಕೆಟ್ಟೆ. ಅವರು ಎಣ್ಣೆ ಬಿಟ್ಟು ಕಳಿಸಿದರು. ಎರಡೇ ತಿಂಗಳಿಗೆ ಧೂಳು ಹಿಡಿದು, ಒಂದು ಸೆಕೆಂಡಿನ ಶಟರ್ ಮೂರು ಸೆಕೆಂಡು ಗೊರಕೆ ಹೊಡೆಯಿತು. ಬಿಚ್ಚಿ ತೊಳೆದು ಒಣಗಿಸಿದೆ. ಆಮೇಲೆ ತೊಂದರೆ ಕೊಟ್ಟಿಲ್ಲ. ಶಟರ್ ಬ್ಲೇಡಿಗೆ ಎಣ್ಣೆ ಮುಟ್ಟಿಸಬೇಡಿ.

ಇನ್ನು ತಿದಿ. ಕತ್ತಲೆ ಕೋಣೆಯಲ್ಲಿ ಒಳಗೆ ಟಾರ್ಚು ಹಾಕಿದರೆ ಮಡಿಕೆಗಳ ಮೂಲೆಯಲ್ಲೆಲ್ಲ ಸಣ್ಣ ತೂತುಗಳಿಂದ ಬೆಳಕು, ನಕ್ಷತ್ರ! ಬಟ್ಟೆಗೆ ಹಚ್ಚುವ ಕಪ್ಪು ಬಣ್ಣ ಬಳಿದೆ. ಚಳಿಗಾಲ ಚೆನ್ನಾಗಿತ್ತು. ಏಪ್ರಿಲ್ ಬಿಸಿಲಿಗೆ ಬಣ್ಣ ಮೆತ್ತಗಾಗಿ ಮಡಿಕೆಗಳು ಒಂದಕ್ಕೊಂದು ಅಂಟಿದವು. ಬಿಚ್ಚುವಾಗ ಪರ್ರನೆ ಹರಿದುಹೋಯಿತು. ನಮ್ಮ ಸೆಖೆಯಲ್ಲಿ ತೇಪೆ ನಿಲ್ಲಲ್ಲ ಅಂತ ಆವತ್ತೇ ಗೊತ್ತಾಗಿದ್ದು.

ಪರಿಚಯದ ಹಾರ್ಮೋನಿಯಂ ರಿಪೇರಿಯವರಿಗೆ ತೋರಿಸಿದೆ. "ಇದು ನಮ್ಮ ತಿದೀನೇ ಬಿಡ್ರಿ ಸರ್, ಭಾಳ ಸಣ್ಣದೈತಿ ಅಷ್ಟೇ" ಅಂದರು. ಹಳೆಯ ತಿದಿಯನ್ನು ಹುಷಾರಾಗಿ ಬಿಡಿಸಿ, ಮಡಿಕೆ ಗುರುತುಗಳನ್ನು ಕಾಗದದ ಮೇಲೆ ಎಳೆದುಕೊಂಡು, ತೆಳು ಕಪ್ಪು ಬಟ್ಟೆಯ ನಡುವೆ ಕಾಗದದ ಪಟ್ಟಿ ಇಟ್ಟು ಅಂಟಿಸೋದು ಹೇಳಿಕೊಟ್ಟರು. ನನ್ನ ಮೊದಲ ತಿದಿ ಎಷ್ಟು ದಪ್ಪ ಆಯಿತೆಂದರೆ ಕ್ಯಾಮೆರಾ ಬಾಗಿಲೇ ಮುಚ್ಚಲಿಲ್ಲ. ಎರಡನೆಯದು ಸೊಟ್ಟ. ಮೂರನೆಯದು ಎರಡು ಬೇಸಿಗೆ ದಾಟಿದೆ. ಎಷ್ಟು ಕಾಸು ಕೊಡಲಿ ಅಂತ ಕೇಳಿದರೆ ಅವರು ನಕ್ಕು, ಅವರ ಅಂಗಡಿ ಫೋಟೊ ಒಂದು ತೆಗೆಸಿಕೊಂಡರು.

ಬಳಕೆಯಲ್ಲಿ ಎರಡು ಅಭ್ಯಾಸ ಬೇಕು. ಬಾಗಿಲನ್ನು ಕೈಯಲ್ಲಿ ಹಿಡಿದು ನಿಧಾನ ತೆರೆಯಿರಿ, ಆಮೇಲೆ ಫಿಲ್ಮ್ ಸುತ್ತಿ. ಫಟ್ಟನೆ ತೆರೆದರೆ ತಿದಿ ಗಾಳಿ ಎಳೆದು ಫಿಲ್ಮನ್ನೂ ಮುಂದಕ್ಕೆ ಉಬ್ಬಿಸುತ್ತದೆ, ಫೋಟೊ ಮಸುಕು. ಫಿಲ್ಮ್ ನಂಬರ್ ಕಾಣುವ ಹಿಂದಿನ ಕೆಂಪು ಕಿಟಕಿಗೆ, ಬೆಳಕು ಒಳಗೆ ಹೋಗದಂತೆ, ಕಪ್ಪು ಟೇಪು ಹಾಕಿ, ನಂಬರ್ ನೋಡುವಾಗ ಮಾತ್ರ ಎತ್ತಿ. ಬೆಳಕು ಅಳೆಯುವ ಲೈಟ್ ಮೀಟರ್ ಇಲ್ಲ, ಬೇಕಾಗಿಯೂ ಇಲ್ಲ. ನಮ್ಮ ಮಧ್ಯಾಹ್ನಕ್ಕೆ 100 ಐಎಸ್ಒ ಫಿಲ್ಮ್, ಲೆನ್ಸಿನ ಕಂಡಿ ಎಫ್ 16, ಶಟರ್ ನೂರನೇ ಒಂದು ಸೆಕೆಂಡ್, ಅಷ್ಟೇ.

ಖರ್ಚು ಮಾತ್ರ ಫಿಲ್ಮಿಂದು, ಅದು ಜಾಸ್ತಿ. ತೊಳೆಯೋದನ್ನು ಮನೆಯಲ್ಲೇ ಮಾಡುತ್ತೇನೆ. ಫಿಲ್ಮ್ ಮೇಲೆ ಚಿತ್ರ ಮೂಡಿಸುವ ಡೆವಲಪರ್‌ಗೆ 20 ಡಿಗ್ರಿ ನೀರು ಬೇಕು, ಮೇ ತಿಂಗಳಲ್ಲಿ ನಮ್ಮ ನಲ್ಲಿಯಲ್ಲಿ ಬರೋದು ಹೆಚ್ಚುಕಡಿಮೆ ಚಹಾ. ಡೆವಲಪರ್ ಬಾಟಲಿಯನ್ನು ಐಸ್ ಬಕೆಟ್ಟಿನಲ್ಲಿ ಇಳಿಸಿ, ಥರ್ಮಾಮೀಟರ್ ಹಿಡಿದು ಕೂತರೆ ಮಗಳು ಬಂದು ಕೇಳುತ್ತಾಳೆ: "ಅಪ್ಪಾ, ಜ್ವರ ಇಳೀತಾ?"