ಡಿಗ್ಗರ್ ಮೇಲೋ, ಸೂಪಾಪ್ಲೆಕ್ಸ್ ಮೇಲೋ? ಕೂತು ಆಡಿ ನೋಡಿದೆ

ನನಗೂ ನನ್ನ ಅಕ್ಕನಿಗೂ ಒಂದು ಹಳೇ ಜಗಳ ಇದೆ. ಚಿಕ್ಕವರಿದ್ದಾಗ ಶುರುವಾಗಿದ್ದು, ಇನ್ನೂ ತೀರ್ಮಾನ ಆಗಿಲ್ಲ. ಎರಡು ಹಳೇ ಕಂಪ್ಯೂಟರ್ ಗೇಮ್ ಬಗ್ಗೆ: ಅವಳು ಡಿಗ್ಗರ್ ಪಾರ್ಟಿ, ನಾನು ಸೂಪಾಪ್ಲೆಕ್ಸ್ ಪಾರ್ಟಿ. "ನಿನ್ನದು ಗೇಮ್ ಅಲ್ಲ ಕಣೋ, ಲೆಕ್ಕದ ಪರೀಕ್ಷೆ" ಎನ್ನುತ್ತಿದ್ದಳು ಅವಳು. "ನಿನ್ನದು ಬರೀ ಓಡಾಟ" ಎನ್ನುತ್ತಿದ್ದೆ ನಾನು. ಈಗ ಈ ಎರಡು ಹೆಸರು ಹೇಳಿದರೆ ಎದುರಿಗಿದ್ದವರು ಮಿಕಿಮಿಕಿ ನೋಡುತ್ತಾರೆ. ಡೂಮ್ ಗೊತ್ತು, ಪ್ರಿನ್ಸ್ ಆಫ್ ಪರ್ಷಿಯಾ ಗೊತ್ತು, ಇವು ಮಾತ್ರ ಯಾರಿಗೂ ಬೇಡವಾದ ಮಕ್ಕಳು.

ಹೋದ ತಿಂಗಳು, ಹಳೇ ಡಾಸ್ ಕಾಲದ ಗೇಮ್‌ಗಳನ್ನು ಈಗಿನ ಮಷೀನಿನಲ್ಲಿ ಓಡಿಸುವ ಡಾಸ್‌ಬಾಕ್ಸ್ ಹಾಕಿಕೊಂಡು ಎರಡನ್ನೂ ಮತ್ತೆ ಆಡಿದೆ. ಜೊತೆಗೆ ಇನ್ನೂ ನಾಲ್ಕೈದು ಹಳೇ ಗೇಮ್. ಒಂದೇ ಲ್ಯಾಪ್‌ಟಾಪ್, ಒಂದೇ ಕೀಬೋರ್ಡ್. ಮಧ್ಯದಲ್ಲಿ ಸೇವ್ ಮಾಡಿಕೊಳ್ಳುವ ಕಳ್ಳಾಟ ಇಲ್ಲ, ಯೂಟ್ಯೂಬ್ ನೋಡಿ ದಾರಿ ತಿಳಿದುಕೊಳ್ಳುವುದೂ ಇಲ್ಲ. ಗ್ರಾಫಿಕ್ಸ್‌ಗೆ ಮಾರ್ಕ್ಸ್ ಕೊಡಲು ಹೋಗಲಿಲ್ಲ. 320×200 ಪಿಕ್ಸೆಲ್‌ಗೆ ಏನಂತ ಮಾರ್ಕ್ಸ್ ಕೊಡುವುದು? ನಾನು ಇಟ್ಟುಕೊಂಡ ಅಳತೆ ಒಂದೇ. ಸತ್ತ ಮೇಲೆ ಕೈ ತಾನಾಗೇ ಮತ್ತೆ ಶುರು ಮಾಡುತ್ತದಾ, ಇಲ್ಲ ನಾನು ಕುರ್ಚಿಗೆ ಒರಗಿ ಕೂರುತ್ತೇನಾ, ಅಷ್ಟೇ.

ಮೊದಲು ಡಿಗ್ಗರ್. 1983ರದ್ದು, ಕೆನಡಾದ ವಿಂಡ್‌ಮಿಲ್ ಸಾಫ್ಟ್‌ವೇರ್ ಮಾಡಿದ್ದು. ಹಿಂದಿನ ವರ್ಷ ಬಂದಿದ್ದ ಡಿಗ್ ಡಗ್ ಎಂಬ ಆರ್ಕೇಡ್ ಆಟದ ನೆರಳು ಇದರ ಮೇಲಿದೆ, ಆದರೆ ಆಡಿದರೆ ಬೇರೆಯದೇ ಆಟ. ಕಪ್ಪು ಪರದೆ, ಹಸಿರು, ಕೆಂಪು, ಹಳದಿ. ಬಣ್ಣ ಅಷ್ಟೇ. ಮಣ್ಣು ಕೊರೆಯುವ ಪುಟ್ಟ ಗಾಡಿ ನಿಮ್ಮದು. ಹಸಿರು ಪಚ್ಚೆ ಕಲ್ಲುಗಳನ್ನು ತಿನ್ನಬೇಕು, ಚಿನ್ನದ ಚೀಲಗಳನ್ನು ಶತ್ರುಗಳ ತಲೆ ಮೇಲೆ ಕೆಡವಬೇಕು.

ಇಲ್ಲೊಂದು ಸಣ್ಣ ವಿಷಯ ಇದೆ, ಅದನ್ನು ನಾನು ಪೂರ್ತಿ ಮರೆತಿದ್ದೆ. ಪಚ್ಚೆ ತಿಂದಾಗ ಬರುವ ಸದ್ದು. ಮೊದಲನೆಯದಕ್ಕೆ ಒಂದು ಸ್ವರ, ಎರಡನೆಯದಕ್ಕೆ ಅದರ ಮೇಲಿನ ಸ್ವರ. ಹೀಗೆ ಎಂಟು ಕಲ್ಲು ಒಂದರ ಹಿಂದೊಂದು ತಿಂದರೆ ಸ ರಿ ಗ ಮ ಹತ್ತಿದ ಹಾಗೆ ಮೇಲಿನ ಸ ತನಕ ಹೋಗಿ 250 ಪಾಯಿಂಟ್ ಬೋನಸ್ ಸಿಗುತ್ತದೆ. ಒಂದೊಂದು ಕಲ್ಲಿಗೆ ಬರೀ 25 ಪಾಯಿಂಟ್, ಹಾಗಾಗಿ ಈ 250 ಬಿಡಲು ಮನಸ್ಸು ಬರುವುದಿಲ್ಲ. ನಡುವೆ ಒಂದು ಕ್ಷಣ ತಡ ಮಾಡಿದರೆ ಮತ್ತೆ ಕೆಳಗಿನ ಸ್ವರದಿಂದ. ಆರನೇ ಕಲ್ಲು ತಿಂದಿದ್ದೀರಿ, ಏಳನೆಯದು ಎದುರಿಗೇ ಇದೆ, ಆ ಕಡೆಯಿಂದ ಶತ್ರು ಬರುತ್ತಿದ್ದಾನೆ. ಆಗ ಬುದ್ಧಿ ನಿಲ್ಲು ಎನ್ನುತ್ತದೆ, ಕಿವಿ ಹೋಗು ಎನ್ನುತ್ತದೆ. ನಾನು ಹತ್ತರಲ್ಲಿ ಎಂಟು ಸಲ ಕಿವಿಯ ಮಾತು ಕೇಳಿ ಸತ್ತೆ. ಸತ್ತ ಕೂಡಲೇ ಶೋಪಾನ್ ಎಂಬ ಸಂಗೀತಗಾರನ ಶವಯಾತ್ರೆಯ ರಾಗ ಕೀರಲು ದನಿಯಲ್ಲಿ ಬರುತ್ತದೆ. ಇಷ್ಟು ವರ್ಷ ಆದ ಮೇಲೂ ಅದನ್ನು ಕೇಳಿದರೆ ನಗು ಬರುತ್ತದೆ.

ಶತ್ರುಗಳಲ್ಲಿ ನಾಬಿನ್ ಎಂಬವನು ನೀವು ಕೊರೆದ ದಾರಿಯಲ್ಲೇ ಬರುತ್ತಾನೆ. ಅವನು ಆಗಾಗ ಹಾಬಿನ್ ಆಗಿ ಬದಲಾಗುತ್ತಾನೆ, ಆಗ ಮಣ್ಣನ್ನು ಸೀಳಿಕೊಂಡು ನೇರ ನಿಮ್ಮ ಕಡೆಗೇ. ಚೀಲದ ಕೆಳಗಿನ ಮಣ್ಣು ತೆಗೆದರೆ ಅದು ಕೂಡಲೇ ಬೀಳುವುದಿಲ್ಲ, ಸ್ವಲ್ಪ ಹೊತ್ತು ಅಲ್ಲಾಡುತ್ತದೆ. ಆ ಅಲ್ಲಾಟದಲ್ಲೇ ಇಡೀ ಆಟ ಇದೆ. ಶತ್ರುವನ್ನು ಹಿಂದೆ ಎಳೆದುಕೊಂಡು ಬಂದು, ಚೀಲದ ಕೆಳಗೆ ತೂರಿ, ಅದು ಅಲ್ಲಾಡುವಷ್ಟರಲ್ಲಿ ಆಚೆ ಹೋಗಿ, ಬಿದ್ದ ಸದ್ದು ಕೇಳಿ ತಿರುಗಿ ನೋಡುವುದು. ಚೀಲ ಎತ್ತರದಿಂದ ಬಿದ್ದರೆ ಒಡೆದು ಚಿನ್ನ ಹೊರಗೆ ಬರುತ್ತದೆ, ಅದಕ್ಕೆ 500. ಎಫ್1 ಒತ್ತಿದರೆ ಗುಂಡು ಕೂಡ ಹಾರಿಸಬಹುದು, ಆದರೆ ಅದು ಮತ್ತೆ ತಯಾರಾಗಲು ಹೊತ್ತು ಬೇಕು. ಅಕ್ಕ ಗುಂಡು ಹಾರಿಸುತ್ತಲೇ ಇರಲಿಲ್ಲ. ಅದೊಂದು ಮರ್ಯಾದೆಯ ಪ್ರಶ್ನೆ ಅವಳಿಗೆ.

ಸೂಪಾಪ್ಲೆಕ್ಸ್ 1991ರದ್ದು. ಸ್ವಿಟ್ಜರ್ಲೆಂಡಿನ ಇಬ್ಬರು ವಿದ್ಯಾರ್ಥಿಗಳು, ಫಿಲಿಪ್ ಯೆಸ್ಪರ್ಸನ್ ಮತ್ತು ಮೈಕೆಲ್ ಸ್ಟಾಪ್, ಮಾಡಿದ್ದು. 1984ರ ಬೌಲ್ಡರ್ ಡ್ಯಾಶ್ ಎಂಬ ಆಟ ಇದರ ಅಜ್ಜ. ಅಲ್ಲಿ ಗುಹೆ, ಇಲ್ಲಿ ಕಂಪ್ಯೂಟರಿನ ಹೊಟ್ಟೆ. ಹಸಿರು ಸರ್ಕ್ಯೂಟ್ ಬೋರ್ಡ್ ತಿನ್ನುತ್ತಾ ಹೋಗುವ ಕೆಂಪು ಉಂಡೆ, ಹೆಸರು ಮರ್ಫಿ. ಬಂಡೆಯ ಬದಲು ಜಾಂಕ್, ವಜ್ರದ ಬದಲು ಇನ್ಫೋಟ್ರಾನ್, ಶತ್ರುವಿನ ಜಾಗದಲ್ಲಿ ಕತ್ತರಿ. ಹೌದು, ಕಚಕಚ ಅನ್ನುತ್ತಾ ಗೋಡೆ ಹಿಡಿದು ತಿರುಗುವ ಕತ್ತರಿ. ಒಟ್ಟು 111 ಹಂತ.

ನೆನಪಿನಲ್ಲಿ ಇದು ಬಹಳ ದೊಡ್ಡ ಆಟ. ಈಗ ಆಡಿದಾಗಲೂ ದೊಡ್ಡದೇ. ಜಾಂಕ್ ತಲೆ ಮೇಲೆ ಸುಮ್ನೆ ಕೂತಿದ್ದರೆ ಏನೂ ಆಗುವುದಿಲ್ಲ, ಬೀಳುತ್ತಿರುವಾಗ ಕೆಳಗೆ ಸಿಕ್ಕರೆ ಕಥೆ ಮುಗಿಯಿತು. ಒಂದರ ಮೇಲೊಂದು ಕೂತ ಜಾಂಕ್ ಪಕ್ಕ ಖಾಲಿ ಇದ್ದರೆ ಉರುಳುತ್ತದೆ. ಸ್ಪೇಸ್ ಒತ್ತಿಕೊಂಡು ಬಾಣದ ಕೀ ಒತ್ತಿದರೆ ಮರ್ಫಿ ನಿಂತಲ್ಲೇ ನಿಂತು ಪಕ್ಕದ್ದನ್ನು ತಿನ್ನುತ್ತಾನೆ. ಈ ಒಂದು ಉಪಾಯ ನನಗೆ ಚಿಕ್ಕಂದಿನಲ್ಲಿ ತಿಂಗಳುಗಟ್ಟಲೆ ಗೊತ್ತೇ ಇರಲಿಲ್ಲ, ಅಕ್ಕ ಒಂದು ದಿನ ಆಕಸ್ಮಿಕವಾಗಿ ಒತ್ತಿ ತೋರಿಸಿದಳು, ಆಮೇಲೆ ಅದನ್ನು ನಾನೇ ಕಂಡುಹಿಡಿದೆ ಎಂದು ಕ್ಲಾಸಿನಲ್ಲೆಲ್ಲ ಹೇಳಿಕೊಂಡು ಬಂದೆ.

ಈಗ ಅಸಲಿ ವ್ಯತ್ಯಾಸಕ್ಕೆ ಬರುತ್ತೇನೆ. ಡಿಗ್ಗರ್‌ನಲ್ಲಿ ತಪ್ಪು ಮಾಡಿದರೆ ಅಲ್ಲೇ ಸಾಯುತ್ತೀರಿ. ಸೂಪಾಪ್ಲೆಕ್ಸ್‌ನಲ್ಲಿ ತಪ್ಪು ಮಾಡಿದ ಮೇಲೂ ಬದುಕಿರುತ್ತೀರಿ. ಅದೇ ಕಷ್ಟ. ಶುರುವಿನಲ್ಲೇ ಒಂದು ಜಾಂಕನ್ನು ಎಡಕ್ಕೆ ತಳ್ಳಿರುತ್ತೀರಿ, ಬಲಕ್ಕೆ ತಳ್ಳಬೇಕಿತ್ತು. ಅದು ಗೊತ್ತಾಗುವುದು ಹತ್ತು ನಿಮಿಷ ಆದ ಮೇಲೆ, ಬಾಕಿ ಎಲ್ಲ ಇನ್ಫೋಟ್ರಾನ್ ತಿಂದು ಕೊನೆಯದರ ಹತ್ತಿರ ಹೋದಾಗ. ದಾರಿ ಮುಚ್ಚಿದೆ. ಮರ್ಫಿ ಆರಾಮಾಗಿ ನಿಂತಿದ್ದಾನೆ, ಅವನಿಗೆ ಏನೂ ಆಗಿಲ್ಲ. ಆಗ ಎಸ್ಕೇಪ್ ಒತ್ತಬೇಕು. ಒತ್ತಿದರೆ ಅವನು ಢಂ ಎಂದು ಸಿಡಿಯುತ್ತಾನೆ. ನಮ್ಮ ಕೈಯಾರೆ ನಾವೇ ಸಾಯಿಸಬೇಕು. ಈ ಸಲ ಆಡುವಾಗ ಎಸ್ಕೇಪ್ ಒತ್ತುವ ಮುಂಚೆ ಪ್ರತಿ ಸಲವೂ ಒಂದು ನಿಮಿಷ ಸುಮ್ನೆ ಪರದೆ ನೋಡುತ್ತಾ ಕೂತಿದ್ದೆ. ಬೇರೆ ದಾರಿ ಇರಬಹುದಾ ಎಂದು. ಇರುತ್ತಿರಲಿಲ್ಲ.

ಅಂದರೆ ನನ್ನ ಅಳತೆಯ ಪ್ರಕಾರ ಸೂಪಾಪ್ಲೆಕ್ಸ್ ಸೋತಿತು, ಕೈ ತಾನಾಗೇ ಹೋಗುವುದಿಲ್ಲ. ಡಿಗ್ಗರ್‌ನಲ್ಲಿ ಶವಯಾತ್ರೆಯ ರಾಗ ಮುಗಿಯುವ ಮುಂಚೆಯೇ ಬೆರಳು ತಯಾರಾಗಿರುತ್ತದೆ. ಅಕ್ಕ ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳುವುದು ನನಗೆ ಸುಲಭ ಅಲ್ಲ, ಆದರೂ ಬರೆದುಬಿಡುತ್ತೇನೆ. ಡಿಗ್ಗರ್ ಮೇಲು. ಒಂದು ಮಾತು ಮಾತ್ರ ಸೇರಿಸುತ್ತೇನೆ. ಡಿಗ್ಗರ್ ಬಗ್ಗೆ ನಾನು ರಾತ್ರಿ ಹಾಸಿಗೆಯಲ್ಲಿ ಒಂದು ಸಲವೂ ಯೋಚನೆ ಮಾಡಲಿಲ್ಲ. ಸೂಪಾಪ್ಲೆಕ್ಸ್‌ನ ಒಂದು ಹಂತವನ್ನು ಕಣ್ಣು ಮುಚ್ಚಿಕೊಂಡೇ ಬಿಡಿಸಿದ್ದೇನೆ.

ಆಡಲು ಕೂರುವವರಿಗೆ ಒಂದು ಎಚ್ಚರಿಕೆ. ಸೂಪಾಪ್ಲೆಕ್ಸ್ ಮಷೀನಿನ ವೇಗಕ್ಕೆ ತಕ್ಕಂತೆ ಓಡುತ್ತದೆ, ವೇಗದ ಮಷೀನಿನಲ್ಲಿ ಕತ್ತರಿಗಳು ಹುಚ್ಚು ಹಿಡಿದ ಹಾಗೆ ಓಡಾಡುತ್ತವೆ. ಡಾಸ್‌ಬಾಕ್ಸ್‌ನಲ್ಲಿ ಕಂಟ್ರೋಲ್ ಎಫ್11 ಒತ್ತಿ ನಿಧಾನ ಮಾಡಿ, ಜಾಸ್ತಿ ನಿಧಾನ ಆಯಿತು ಅನಿಸಿದರೆ ಕಂಟ್ರೋಲ್ ಎಫ್12. ಡಿಗ್ಗರ್‌ಗೆ ಈ ರಗಳೆ ಇಲ್ಲ. ಅದಕ್ಕೆ 1998ರಲ್ಲಿ ಆಂಡ್ರ್ಯೂ ಜೆನ್ನರ್ ಮಾಡಿದ ಡಿಗ್ಗರ್ ರೀಮಾಸ್ಟರ್ಡ್ ಎಂಬ ಹೊಸ ರೂಪ ಇದೆ, ಅದರಲ್ಲಿ ಇಬ್ಬರು ಒಟ್ಟಿಗೇ ಆಡಬಹುದು. ಆಗ ಇದಿದ್ದಿದ್ದರೆ ನಮ್ಮ ಮನೆಯಲ್ಲಿ ಅರ್ಧ ಜಗಳ ಕಡಿಮೆ ಆಗುತ್ತಿತ್ತು. ಅಥವಾ ಜಾಸ್ತಿ ಆಗುತ್ತಿತ್ತೋ ಏನೋ.

ಜಗಳ ಅಂದಾಗ ಗೊರಿಲ್ಲಾಸ್ ಬಿಡುವ ಹಾಗಿಲ್ಲ. 1991ರಲ್ಲಿ ಎಂಎಸ್ ಡಾಸ್ 5 ಜೊತೆ ಪ್ರೋಗ್ರಾಮ್ ಬರೆಯಲು ಕ್ಯೂಬೇಸಿಕ್ ಬಂದಾಗ ಅದರೊಳಗೆ ಮಾದರಿ ಪ್ರೋಗ್ರಾಮ್ ಅಂತ ಇದ್ದ ಆಟ. ಎರಡು ಕಟ್ಟಡದ ಮೇಲೆ ಎರಡು ಗೊರಿಲ್ಲಾ. ಕೋನ ಎಷ್ಟು, ವೇಗ ಎಷ್ಟು ಎಂದು ಅಂಕಿ ಒತ್ತಿದರೆ ಸಿಡಿಯುವ ಬಾಳೆಹಣ್ಣು ಹಾರುತ್ತದೆ. ಮೇಲೆ ನಗುವ ಸೂರ್ಯ, ಅವನಿಗೆ ಹಣ್ಣು ತಾಗಿದರೆ ಬಾಯಿ ಗುಂಡಗೆ ಮಾಡಿ ಆಶ್ಚರ್ಯಪಡುತ್ತಾನೆ. ನಾವು ಎಷ್ಟೋ ಸಲ ಗೊರಿಲ್ಲಾ ಬಿಟ್ಟು ಸೂರ್ಯನಿಗೇ ಹೊಡೆಯುತ್ತಿದ್ದೆವು. ಶುರುವಿನಲ್ಲಿ ಗುರುತ್ವ ಎಷ್ಟು ಎಂದು ಕೇಳುತ್ತದೆ, ಭೂಮಿಗೆ 9.8 ಎಂದು ಪಕ್ಕದಲ್ಲೇ ಬರೆದಿರುತ್ತದೆ. ನನಗೆ 9.8 ಎಂಬ ಸಂಖ್ಯೆ ಮೊದಲು ಗೊತ್ತಾಗಿದ್ದು ಫಿಸಿಕ್ಸ್ ಪುಸ್ತಕದಿಂದ ಅಲ್ಲ. ಅಕ್ಕ ಅಲ್ಲಿ 1 ಎಂದು ಹಾಕಿ, ಹಣ್ಣು ಪರದೆಯಿಂದ ಆಚೆ ಹೋಗಿ ವಾಪಸ್ ಬರುವುದನ್ನು ಕಾಯುತ್ತಾ ಕೂರುತ್ತಿದ್ದಳು.

ಇದರ ಎದುರಾಳಿ ಸ್ಕಾರ್ಚ್ಡ್ ಅರ್ಥ್, ಅದೂ 1991ರದ್ದೇ. ವೆಂಡೆಲ್ ಹಿಕೆನ್ ಬರೆದಿದ್ದು. ಇಲ್ಲಿ ಟ್ಯಾಂಕ್, ಗುಡ್ಡ, ಹತ್ತು ಜನರ ತನಕ ಆಡಬಹುದು, ಸುತ್ತು ಮುಗಿದ ಮೇಲೆ ಅಂಗಡಿಗೆ ಹೋಗಿ ಆಯುಧ ಕೊಳ್ಳಬಹುದು. ಬೇಬಿ ಮಿಸೈಲ್‌ನಿಂದ ಹಿಡಿದು ಡೆತ್ಸ್ ಹೆಡ್ ತನಕ. ಮಣ್ಣು ಸುರಿದು ಎದುರಿನವನನ್ನು ಹೂಳಬಹುದು. ಟ್ಯಾಂಕುಗಳು ಸಾಯುವ ಮುಂಚೆ ಏನಾದರೂ ಮಾತಾಡಿ ಸಾಯುತ್ತವೆ. ಜೊತೆಗೆ ಕಂಪ್ಯೂಟರ್ ವಿರುದ್ಧ ಆಡಬಹುದು, ಗೊರಿಲ್ಲಾಸ್‌ನಲ್ಲಿ ಆಗುವುದಿಲ್ಲ. ಎಲ್ಲ ರೀತಿಯಲ್ಲೂ ಇದೇ ಮೇಲು ಅಂತ ನೀವು ಹೇಳಬಹುದು. ಒಬ್ಬನೇ ಆಡುವುದಾದರೆ ಒಪ್ಪಿದೆ. ಇಬ್ಬರಿದ್ದರೆ ನನಗೆ ಗೊರಿಲ್ಲಾಸ್ ಸಾಕು. ಅಂಗಡಿಯಲ್ಲಿ ಒಬ್ಬರು ಆಯುಧ ಆರಿಸುವಾಗ ಇನ್ನೊಬ್ಬರು ಆಕಳಿಸುತ್ತಾರೆ, ಗೊರಿಲ್ಲಾಸ್‌ನಲ್ಲಿ ಆಕಳಿಸಲು ಹೊತ್ತೇ ಇಲ್ಲ. ಇನ್ನೊಂದು, ಅದರ ಕೋಡ್ ಪೂರ್ತಿ ಕಣ್ಣೆದುರಿಗೇ ಇತ್ತು. ಆಟ ತೀರಾ ವೇಗವಾದರೆ ಸ್ಪೀಡ್‌ಕಾನ್ಸ್ಟ್ = 500 ಎಂಬ ಸಾಲು ಬದಲಿಸಿ ಎಂದು ಒಳಗೇ ಬರೆದಿತ್ತು. ನಾನು ಬದಲಿಸಿದೆ. ಆಟ ನಿಧಾನ ಆಯಿತು. ಕಂಪ್ಯೂಟರ್ ನನ್ನ ಮಾತು ಕೇಳಿದ್ದು ಅದೇ ಮೊದಲು.

ಡೇಂಜರಸ್ ಡೇವ್ ಮತ್ತು ಕ್ಯಾಪ್ಟನ್ ಕಾಮಿಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡೇವ್ ಅಷ್ಟೇನೂ ಅಪರಿಚಿತ ಅಲ್ಲ, ಮುಂದೆ ಡೂಮ್ ಮಾಡಿದ ಜಾನ್ ರೊಮೆರೊ ಮಾಡಿದ್ದು, 10 ಹಂತ, ಕಪ್ ಎತ್ತಿಕೊಂಡು ಬಾಗಿಲಿಗೆ ಓಡುವುದು. 1988ರ ಕ್ಯಾಪ್ಟನ್ ಕಾಮಿಕ್ ಮೈಕೆಲ್ ಡೆನಿಯೊ ಮಾಡಿದ್ದು, ಕೋಲಾ ಕುಡಿದಷ್ಟೂ ಒಟ್ಟಿಗೆ ಹಾರಿಸುವ ಗುಂಡು ಜಾಸ್ತಿ ಆಗುತ್ತದೆ. ನೆನಪಿನಲ್ಲಿ ಕಾಮಿಕ್ ಬಹಳ ಚೆಂದ. ಈಗ ಆಡಿದರೆ ಅರ್ಧ ಗಂಟೆಗೆ ಸಾಕಾಯಿತು, ಎಲ್ಲಿಗೆ ಹೋಗಬೇಕು ಎಂದೇ ತಿಳಿಯುವುದಿಲ್ಲ. ಡೇವ್ ಹಾಗಲ್ಲ, ಚಿಕ್ಕದು, ಖಾರ, ಮುಗಿಯಿತು.

ಸ್ಕೈರೋಡ್ಸ್‌ಗೆ ಜೋಡಿ ಸಿಗಲಿಲ್ಲ. 1993, ಎಸ್ಟೋನಿಯಾದ ಬ್ಲೂಮೂನ್. ಆಕಾಶದಲ್ಲಿ ತೇಲುವ ರಸ್ತೆ, ಅದರ ಮೇಲೆ ಜಿಗಿಯುವ ಪುಟ್ಟ ನೌಕೆ, 30 ರಸ್ತೆ. ಇದೇ ಗುಂಪಿನ ಹುಡುಗರು ಹತ್ತು ವರ್ಷ ಆದ ಮೇಲೆ ಸ್ಕೈಪ್‌ನ ಕೋಡ್ ಬರೆದರು ಎಂದು ತಿಳಿದಾಗ ನಾನು ಅಕ್ಕನಿಗೆ ಸ್ಕೈಪ್‌ನಲ್ಲೇ ಫೋನ್ ಮಾಡಿ ಹೇಳಿದ್ದೆ. ನನ್ನ ಅಳತೆಯಲ್ಲಿ ಇದಕ್ಕೆ ಡಿಗ್ಗರ್ ನಂತರದ ಜಾಗ. ಬಿದ್ದ ಮರುಕ್ಷಣ ಮತ್ತೆ ರಸ್ತೆಯ ಶುರುವಿನಲ್ಲಿ ಇರುತ್ತೀರಿ, ಬೇಜಾರಾಗಲು ಪುರುಸೊತ್ತೇ ಸಿಗುವುದಿಲ್ಲ.

ಸೂಪಾಪ್ಲೆಕ್ಸ್ ಕಡೆಗೆ ಒಂದು ಹಳೇ ಬಾಕಿ ಇದೆ, ಅದನ್ನು ಹೇಳಲೇಬೇಕು. ಆಗ ಎಲ್ಲ ಆಟವೂ ಒಂದೇ ಫ್ಲಾಪಿಯಲ್ಲಿತ್ತು, 1.44 ಎಂಬಿಯದ್ದು. ನನ್ನ ಹೆಸರಿನ ಪಕ್ಕ ಎಷ್ಟನೇ ಹಂತ ಎಂದು ಅದರಲ್ಲೇ ಸೇವ್ ಆಗುತ್ತಿತ್ತು. 40 ದಾಟಿದ್ದೆ. ಒಂದು ಮಧ್ಯಾಹ್ನ ಡ್ರೈವ್ ಕರಕರ ಎಂದಿತು, ಪರದೆ ಮೇಲೆ ಅಬಾರ್ಟ್, ರಿಟ್ರೈ, ಫೇಲ್ ಎಂದು ಬಂತು. ಆರ್ ಒತ್ತಿದೆ. ಮತ್ತೆ ಅದೇ ಪ್ರಶ್ನೆ. ಮತ್ತೆ ಆರ್. ಅಕ್ಕ ಹಿಂದೆ ನಿಂತಿದ್ದಳು, ಒಂದೂ ಮಾತಾಡಲಿಲ್ಲ. ಡಿಗ್ಗರ್ ಕೂಡ ಅದೇ ಫ್ಲಾಪಿಯಲ್ಲಿತ್ತು ಎಂದು ನನಗೆ ಹೊಳೆದಿದ್ದು ಆಮೇಲೆ.

ಈಗ ಮತ್ತೆ ಒಂದನೇ ಹಂತದಿಂದ ಹತ್ತುತ್ತಿದ್ದೇನೆ. ಆಗದ ಹಂತ ಇದ್ದರೆ ಬಿಟ್ಟು ಮುಂದೆ ಹೋಗಬಹುದು, ಆದರೆ ಮೂರನ್ನು ಮಾತ್ರ. ಸದ್ಯ 31ರಲ್ಲಿದ್ದೇನೆ, ಮೂರರಲ್ಲಿ ಎರಡು ಖರ್ಚಾಗಿವೆ.