ಗೋಡೆಯ ಸ್ವಿಚ್ ಆರಿಸಿದ್ದೆ, ಪ್ಲಗ್ ಕಿತ್ತಿರಲಿಲ್ಲ

ನನ್ನ ಹಳೆಯ ಆಂಪ್ಲಿಫೈಯರ್‌ನ ಪವರ್ ಸ್ವಿಚ್ ಸವೆದಿತ್ತು. ಎರಡು ತಂತಿ ಬಿಚ್ಚಿ ಹೊಸದಕ್ಕೆ ಬೆಸುಗೆ ಹಾಕುವ ಕೆಲಸಕ್ಕೆ ಇನ್ನೊಬ್ಬರೇಕೆ ಎಂದುಕೊಂಡು, ಗೋಡೆಯ ಸ್ವಿಚ್ ಆರಿಸಿ ಪೆಟ್ಟಿಗೆ ತೆರೆದೆ. ಪ್ಲಗ್ ಸಾಕೆಟ್ಟಿನಲ್ಲೇ ಇತ್ತು. ಎಡಗೈ ಚಾಸಿಯ (ಲೋಹದ ಚೌಕಟ್ಟಿನ) ಮೇಲೆ, ಬಲಗೈ ತಂತಿಯ ಮೇಲೆ. ಮುಟ್ಟಿದ್ದೇ ತಡ, ಎರಡೂ ತೋಳಿಗೆ ಸುತ್ತಿಗೆಯಿಂದ ಬಡಿದಂತಾಯಿತು. ಕೈ ಹಿಂದಕ್ಕೆ ಹಾರಿದ್ದು ನನ್ನ ಪುಣ್ಯ. ಸ್ನಾಯು ಬಿಗಿದುಕೊಂಡರೆ ಹಿಡಿದ ತಂತಿಯನ್ನು ಬಿಡಲೂ ಆಗುವುದಿಲ್ಲ.

ಆ ಸಾಕೆಟ್ಟಿನ ವೈರಿಂಗಿನಲ್ಲಿ ಫೇಸ್ (ಕರೆಂಟು ತರುವ ತಂತಿ) ಮತ್ತು ನ್ಯೂಟ್ರಲ್ (ಮರಳುವ ತಂತಿ) ಅದಲುಬದಲಾಗಿದ್ದವು. ಗೋಡೆಯ ಸ್ವಿಚ್ ಕಡಿಯುತ್ತಿದ್ದದ್ದು ನ್ಯೂಟ್ರಲನ್ನು. ಉಪಕರಣ ಸತ್ತಂತೆ ಕಾಣುತ್ತಿತ್ತು, ಫೇಸ್ ಮಾತ್ರ ಆಂಪ್ಲಿಫೈಯರ್‌ನ ಸ್ವಿಚ್ಚಿನ ಕಾಲಿನವರೆಗೂ ಬಂದು ಕುಳಿತಿತ್ತು. ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ, ಇನ್ಯಾರೋ ಬಂದು ಚುಚ್ಚದಂತೆ.

ಕಿತ್ತ ಮೇಲೂ ಅವಸರ ಬೇಡ. ಮಲ್ಟಿಮೀಟರ್ ಹಿಡಿದು ನೋಡಿದರೆ, ವಿದ್ಯುತ್ ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ಗಳಲ್ಲಿ ಇನ್ನೂ 38 ವೋಲ್ಟ್ ಇತ್ತು. ನನ್ನದು ಮೊದಲೇ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇದ್ದ ಉಪಕರಣ. 230 ವೋಲ್ಟಿನ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ನೇರವಾಗಿ ಡಿಸಿ ಮಾಡಿಕೊಳ್ಳುವ ಪವರ್ ಸಪ್ಲೈ) ಆಗಿದ್ದರೆ ಅದೇ ಜಾಗದಲ್ಲಿ 325 ವೋಲ್ಟಿನಷ್ಟು ಕಾದಿರಬಹುದು. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವ ಶೌರ್ಯ ಬೇಡ. ಹೆಚ್ಚು ವ್ಯಾಟಿನ ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮತ್ತೆ ಅಳೆಯಿರಿ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಅಂದದ ಆಸೆಗೆ ಒಳಗೆ ದೀಪ ಉರಿಯುವ ಮೂರು ಕಾಲಿನ ಸ್ವಿಚ್ ತಂದಿದ್ದೆ. ಮೇಲೆ 10 ಆಂಪಿಯರ್, 250 ವೋಲ್ಟ್ ಎಸಿ ಎಂದೇ ಬರೆದಿತ್ತು, ಅಷ್ಟರ ಮಟ್ಟಿಗೆ ಸರಿ. ಮೂರನೆಯ ಕಾಲು ದೀಪಕ್ಕೆ ನ್ಯೂಟ್ರಲ್ ಕೊಡಲು. ನಾನು ಊಹೆಯ ಮೇಲೆ ನ್ಯೂಟ್ರಲನ್ನು ಔಟ್‌ಪುಟ್ ಕಾಲಿಗೆ ಸೇರಿಸಿದೆ. ಸ್ವಿಚ್ ಒತ್ತಿದೊಡನೆ ಫೇಸ್ ನೇರವಾಗಿ ನ್ಯೂಟ್ರಲಿಗೆ! ಢಮ್ ಎಂದಿತು, ಮನೆಯೆಲ್ಲ ಕತ್ತಲೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ, ಜೋಡಿಸುವ ಮೊದಲು ಪ್ರತಿ ಕಾಲಿಗೂ ಮೀಟರಿನ ಕಂಟಿನ್ಯುಯಿಟಿ (ಎರಡು ತುದಿ ಕೂಡಿದ್ದರೆ ಬೀಪ್ ಎನ್ನುವ) ಪರೀಕ್ಷೆ ಮಾಡಿದ್ದರೆ ಸಾಕಿತ್ತು. ಎರಡನೆಯ ಸಲ ಸೀರೀಸ್ ಲ್ಯಾಂಪ್, ಅಂದರೆ ಕರೆಂಟು ಬರುವ ದಾರಿಯಲ್ಲೇ ಒಂದು ಬಲ್ಬು, ಇಟ್ಟು ಹೊತ್ತಿಸಿದೆ. ಅದಕ್ಕೆ ತಂತು ಇರುವ ಹಳೆಯ ಬಲ್ಬೇ ಬೇಕು, ಎಲ್‌ಇಡಿ ನಡೆಯುವುದಿಲ್ಲ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆಯೇ ಹೊರತು ಏನೂ ಸಿಡಿಯುವುದಿಲ್ಲ.

ಬೆಸುಗೆಗಳ ಮೇಲೆ, ಬಿಸಿಗೆ ಕುಗ್ಗಿ ಬಿಗಿದುಕೊಳ್ಳುವ ಹೀಟ್ ಶ್ರಿಂಕ್ ತೋಳು ಏರಿಸಿ, ಎಲ್ಲ ಸ್ಕ್ರೂ ಬಿಗಿದು, ಪ್ಲಗ್ಗಿನ ಅರ್ಥ್ ಪಿನ್ನಿಗೂ ಚಾಸಿಗೂ ಮೀಟರ್ ಹಚ್ಚಿದೆ. ಬೀಪ್ ಬರಲಿಲ್ಲ. ಮತ್ತೆ ಎಂಟು ಸ್ಕ್ರೂ ಬಿಚ್ಚಿ ನೋಡಿದರೆ, ಕೆಲಸಕ್ಕೆ ಅಡ್ಡವೆಂದು ನಾನೇ ಕಳಚಿದ್ದ ಅರ್ಥಿನ ಹಸಿರು ತಂತಿ ಮೂಲೆಯಲ್ಲಿ ಮುದುರಿ ಮಲಗಿತ್ತು.